ಬಿಟ್ಟನೋ, ತೆಗೆದರೋ, ಹೋಯಿತೋ: ಕೆಲಸ ಬಿಡುವ ಕಥೆಗಳಿಗೊಂದು ಸಂಶೋಧನಾ ಪ್ರಶ್ನೆ

ಕೆಲಸದ ನಂಟು ಮುಗಿದದ್ದನ್ನು ಹೇಳಲು ಕನ್ನಡದಲ್ಲಿ ಮೂರು ವಾಕ್ಯಗಳಿವೆ. 'ಕೆಲಸ ಬಿಟ್ಟೆ', 'ಕೆಲಸದಿಂದ ತೆಗೆದರು', 'ಕೆಲಸ ಹೋಯಿತು'. ಮೊದಲನೆಯದರಲ್ಲಿ ಕರ್ತೃ ನಾನು. ಎರಡನೆಯದರಲ್ಲಿ ಅವರು. ಮೂರನೆಯದರಲ್ಲಿ ಕೆಲಸವೇ ಕರ್ತೃ. ಕಳಿಸಿದವರೂ ಇಲ್ಲ, ಹೊರಟವರೂ ಇಲ್ಲ. ಕೆಲಸ ತಾನಾಗಿಯೇ ಎದ್ದು ಹೋದಂತೆ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಕೇಳಿಸುವುದು ಈ ಮೂರನೆಯದೇ. 'ಪಾಪ, ಅವರ ಮಗನ ಕೆಲಸ ಹೋಯ್ತಂತೆ' ಎನ್ನುವಾಗ ಯಾರ ಮೇಲೂ ತಪ್ಪು ಹೊರಿಸದೆ ಮಾತು ಮುಗಿಯುತ್ತದೆ. ಮಳೆ ಹೋಯಿತು, ಕರೆಂಟು ಹೋಯಿತು, ಕೆಲಸ ಹೋಯಿತು.

ಕನ್ನಡ ಕಥನ ಸಾಹಿತ್ಯದಲ್ಲಿ ಜನ ಕೆಲಸವನ್ನು ತೊರೆಯುವ, ತೊರೆಯಲಾಗದ, ತೊರೆಸಲ್ಪಡುವ ಸಂದರ್ಭಗಳನ್ನು ಕುರಿತು ನಾನು ಪಿಎಚ್.ಡಿ. ಅಧ್ಯಯನ ಮಾಡುತ್ತಿದ್ದೇನೆ. ಈ ಬರಹ ಆ ಅಧ್ಯಯನದ ಫಲಿತಾಂಶವಲ್ಲ. ಅದಕ್ಕೂ ಮೊದಲಿನ ಕೆಲಸ, ಅಂದರೆ ಪ್ರಶ್ನೆಯನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದನ್ನು ಕುರಿತದ್ದು. ಸಂಶೋಧನೆಗೆ ಕಾಲಿಡುತ್ತಿರುವ ಎಂ.ಎ. ವಿದ್ಯಾರ್ಥಿಗಳಿಗೆ ವಿಷಯ ಸಿಗುವುದು ಸುಲಭ. ಪ್ರಶ್ನೆ ಸಿಗುವುದು ಕಷ್ಟ. ವಿಷಯ ಒಂದು ನಾಮಪದ. ಪ್ರಶ್ನೆಗೆ ಕ್ರಿಯಾಪದ ಬೇಕು, ಕರ್ತೃವೂ ಬೇಕು.

ಈ ವಿಷಯದಲ್ಲಿ ತಯಾರಾಗಿ ಸಿಗುವ ಪ್ರಶ್ನೆ ನಿರ್ವಹಣಾಶಾಸ್ತ್ರದ್ದು: ನೌಕರರು ಯಾಕೆ ಬಿಟ್ಟುಹೋಗುತ್ತಾರೆ, ಅವರನ್ನು ಉಳಿಸಿಕೊಳ್ಳುವುದು ಹೇಗೆ? ಉಳಿಸಿಕೊಳ್ಳುವುದಕ್ಕೆ 'ರಿಟೆನ್ಷನ್' ಎಂದೂ, ಹೊರಡುವವರಿಂದ ಲ್ಯಾಪ್‌ಟಾಪ್, ಗುರುತಿನ ಚೀಟಿ, ಪಾಸ್‌ವರ್ಡ್ ವಾಪಸ್ಸು ಪಡೆದು ಲೆಕ್ಕ ಚುಕ್ತಾ ಮಾಡಿ ಕಳಿಸುವುದಕ್ಕೆ 'ಆಫ್‌ಬೋರ್ಡಿಂಗ್' ಎಂದೂ ಹೆಸರು. ಜೇಮ್ಸ್ ಮಾರ್ಚ್ ಮತ್ತು ಹರ್ಬರ್ಟ್ ಸೈಮನ್ 1958ರಲ್ಲೇ ಇದಕ್ಕೊಂದು ಚೌಕಟ್ಟು ಹಾಕಿಕೊಟ್ಟರು. ಒಬ್ಬ ನೌಕರ ಹೊರಡುವುದು ಎರಡು ಸಂಗತಿಗಳ ಮೇಲೆ ನಿಂತಿದೆ: ಹೊರಡಬೇಕೆಂಬ ಬಯಕೆ ಎಷ್ಟಿದೆ, ಹೊರಡುವುದು ಎಷ್ಟು ಸುಲಭವಿದೆ. 1970ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಮೂರು ಪದಗಳನ್ನು ಕೊಟ್ಟರು: ನಿರ್ಗಮನ, ದನಿ, ನಿಷ್ಠೆ. ಸಂಸ್ಥೆ ಕೆಟ್ಟಾಗ ಅಲ್ಲಿರುವವರು ಒಂದೋ ಹೊರನಡೆಯುತ್ತಾರೆ, ಇಲ್ಲವೇ ಒಳಗಿದ್ದೇ ದನಿ ಎತ್ತುತ್ತಾರೆ. ಎರಡರಲ್ಲಿ ಯಾವುದು ಎಂಬುದನ್ನು ನಿಷ್ಠೆ ಪ್ರಭಾವಿಸುತ್ತದೆ. ಎರಡೂ ಉಪಯುಕ್ತ ಚೌಕಟ್ಟುಗಳೇ. 'ಕನ್ನಡ ಕಾದಂಬರಿಗಳಲ್ಲಿ ಪಾತ್ರಗಳು ಕೆಲಸ ಬಿಡುವುದೇಕೆ?' ಎಂದು ಬರೆದುಕೊಂಡು ಇವುಗಳಲ್ಲಿ ಒಂದನ್ನು ಹೊದಿಸಿದರೆ ಒಂದು ಪ್ರಬಂಧ ಸಲೀಸಾಗಿ ಮುಗಿಯುತ್ತದೆ.

ಪ್ರಶ್ನೆಯನ್ನು ಮಾರ್ಗದರ್ಶಕರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಮಾತು: "ಇದು ಮಾಲೀಕರ ಪ್ರಶ್ನೆ ಅಲ್ಲವೇನಮ್ಮ? ಕಾದಂಬರಿ ಯಾರ ಕಡೆ ನಿಂತು ಕೇಳುತ್ತೆ ಅಂತ ನೋಡು." ಹಾಗೆ ನೋಡಲು ಹೊರಟಾಗ ಚೌಕಟ್ಟುಗಳ ಹಿಂದಿರುವ ಒಂದು ಗೃಹೀತ ಕಣ್ಣಿಗೆ ಬಿತ್ತು. ಬಾಗಿಲು ಒಂದಿದೆ, ದಾಟಬೇಕೋ ಬೇಡವೋ ಎಂಬುದು ದಾಟುವವರ ತೀರ್ಮಾನ ಎಂದು ಅವೆರಡೂ ನಂಬಿವೆ. ಕನ್ನಡದ ಕಥೆಗಳು ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ ಎಂಬಲ್ಲಿಂದ ಶುರುವಾಗುತ್ತವೆ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಸಾಮಾನ್ಯವಾಗಿ ಭೂಮಿಯ ಕನಸಿನ ಕಾದಂಬರಿಯಾಗಿ ಓದಿಗೆ ದಕ್ಕಿದೆ. ಅದು ಸರಿಯೇ. ಆದರೆ ಅದನ್ನು ದುಡಿಮೆಯ ಕಾದಂಬರಿಯಾಗಿ ಓದಿದರೆ ಕಥೆಯನ್ನು ನಡೆಸುವ ಯಂತ್ರ ಬೇರೆಯೇ ಕಾಣುತ್ತದೆ. ಅದು ಕಾಫಿ ತೋಟದ ಸಾಲ. ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮತ್ತೆ ಮನೆಗೆ ದಕ್ಕುವುದಿಲ್ಲ, ಮತ್ತೊಬ್ಬ ಜ್ವರದಲ್ಲಿ ಸಾಯುತ್ತಾನೆ. ಕೊನೆಗೆ ಮಗಳು ಬೆಳ್ಳಿಯೂ ಹೋಗಬೇಕಾಗುತ್ತದೆ. ಬೆಳ್ಳಿ ಆ ಸಾಲಕ್ಕೆ ತೆತ್ತದ್ದು ಬರಿ ದುಡಿಮೆಯನ್ನಲ್ಲ. ತೋಟದ ಲೆಕ್ಕದ ಪುಸ್ತಕದಲ್ಲಿ ಸಾಲ ಹೊಡೆದುಹಾಕುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲೇ ಅವಳ ಬಿಡುಗಡೆಯೂ ಇದೆ. ಇಲ್ಲಿ 'ಏಕೆ ಬಿಟ್ಟರು' ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಲೆಕ್ಕ ಮುಗಿಯಿತೆಂದು ಹೇಳುವವರು ಯಾರು ಎಂಬುದೇ ಪ್ರಶ್ನೆ.

ಕಾರಂತರ ಕಲ್ಪನೆಯ ಹಿಂದೆ ಕಾನೂನಿನ ಚರಿತ್ರೆಯೂ ಇದೆ. ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಯವನನ್ನು ಅಪರಾಧಿಯೆಂದು ಕಾಣುವ ಶಾಸನವೊಂದನ್ನು ಬ್ರಿಟಿಷ್ ಸರ್ಕಾರ 1859ರಲ್ಲಿ ತಂದಿತ್ತು. ಅದನ್ನು ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ. ಅರವತ್ತಕ್ಕೂ ಹೆಚ್ಚು ವರ್ಷ ಕೆಲಸ ಬಿಡುವುದು ಜೈಲಿಗೆ ದಾರಿಯಾಗಬಹುದಿತ್ತು. ಕಾಗದದ ಮೇಲಿನ ಶಾಸನ ಹೋದ ಮೇಲೂ ಮುಂಗಡದ ಪುಸ್ತಕ ಉಳಿದದ್ದನ್ನು 'ಚೋಮನ ದುಡಿ' ತೋರಿಸುತ್ತದೆ. ಜೀತಪದ್ಧತಿಯನ್ನು ನಿರ್ಮೂಲನೆ ಮಾಡುವ ಕಾಯ್ದೆಗೆ 1976ರವರೆಗೆ ಕಾಯಬೇಕಾಯಿತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿ ಬೇರೊಬ್ಬರ ಕೇರಿಯ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವುದನ್ನು ನಾವು ಪ್ರೇಮದ ಸಾಹಸವಾಗಿ ಓದಿ ಸಂತೋಷಪಡುತ್ತೇವೆ. ಒಡೆಯರ ಕಣ್ಣಿನಿಂದ ನೋಡಿದರೆ ಅದು ಒಂದು ಆಳು ಒಂದು ಒಡೆತನದಿಂದ ಇನ್ನೊಂದಕ್ಕೆ ದಾಟುವ ವ್ಯವಹಾರ. ಮದುವೆಗೆ ಒಪ್ಪಿಗೆ ಕೊಡಬೇಕಾದವರು ಹೆತ್ತವರಷ್ಟೇ ಅಲ್ಲ.

ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೆ ಸೇರುವ ಹುಡುಗ ಹುಡುಗಿಯರಲ್ಲಿ ಅನೇಕರು 'ಬಾಂಡ್' ಬರೆದುಕೊಡುತ್ತಾರೆ. ಇಷ್ಟು ವರ್ಷದೊಳಗೆ ಬಿಟ್ಟರೆ ಇಷ್ಟು ಹಣ ಕಟ್ಟಬೇಕು. ಮಂಗಳೂರಿನಲ್ಲಿ ಹುಟ್ಟಿ ಈಗ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಗಿರುವ ವಿಜಯ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಇದನ್ನೂ ಚೋಮನ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಐಟಿಯವರು ತಮ್ಮನ್ನು ತಾವು 'ಜೀತದಾಳು' ಎಂದು ಕರೆದುಕೊಳ್ಳುವ ತಮಾಷೆ ನನಗೆ ಯಾವತ್ತೂ ಹಿಡಿಸಿಲ್ಲ. ಚೋಮನನ್ನು ಕಟ್ಟಿಹಾಕಿದ್ದು ಸಾಲ ಮಾತ್ರವಲ್ಲ, ಅವನಿಗೆ ಬೇಸಾಯದ ನೆಲ ದಕ್ಕದಂತೆ ನೋಡಿಕೊಂಡ ಜಾತಿ. ಹಾಗಾಗಿ ನನ್ನ ಪ್ರಶ್ನೆ ಎರಡನ್ನೂ ಸಮೀಕರಿಸಬಾರದು. ಆದರೆ ಎರಡನ್ನೂ ಒಟ್ಟಿಗೆ ಕಾಣುವಷ್ಟು ಅಗಲವಾಗಿರಬೇಕು.

ಅಂಥ ಅಗಲದ ಒಂದು ಪದ ನಮ್ಮಲ್ಲೇ ಇದೆ: ಋಣ. ಕೆಲಸ ಬಿಡುವವರು 'ಇಲ್ಲಿಯ ಅನ್ನದ ಋಣ ತೀರಿತು' ಎನ್ನುತ್ತಾರೆ. ವರ್ಗವಾಗಿ ಹೋಗುವ ಮೇಷ್ಟ್ರು ಹೇಳುತ್ತಾರೆ, ಅಂಗಡಿ ಬಿಡುವ ಹುಡುಗ ಹೇಳುತ್ತಾನೆ, ಮನೆಗೆಲಸದ ಅಕ್ಕ ಹೇಳುತ್ತಾಳೆ. ವಿನಯದ, ಸುಂದರವಾದ ಮಾತು. ಆದರೆ ಅದರ ಲೆಕ್ಕಾಚಾರವನ್ನು ಗಮನಿಸಿ. ತಿಂಗಳಿಡೀ ದುಡಿದ ಮೇಲೆ ಸಂಬಳ ಕೊಡಬೇಕಾದವರು ಮಾಲೀಕರು. ಸಂಬಳದ ದಿನದವರೆಗೆ ಸಾಲಗಾರರು ಅವರೇ. 'ಅನ್ನದ ಋಣ' ಎಂಬ ಮಾತು ಈ ಸಾಲವನ್ನು ತಿರುಗಿಸಿ ದುಡಿದವರ ಹೆಗಲಿಗೆ ಹಾಕುತ್ತದೆ. ಚೋಮನಿಗೆ ಅಕ್ಷರಶಃ ಸಾಲವಾಗಿದ್ದದ್ದು ನಮಗೆ ರೂಪಕವಾಗಿ ಬಂದಿದೆ. ಹರ್ಷ್‌ಮನ್ ಹೇಳುವ ನಿಷ್ಠೆಯಲ್ಲಿ ಆಯ್ಕೆಯ ವಾಸನೆಯಿದೆ. ನಮ್ಮ ಋಣದಲ್ಲಿ ಆಯ್ಕೆಗಿಂತ ಬಾಕಿಯ ವಾಸನೆ ಹೆಚ್ಚು.

ಬಾಕಿ ಎಂದೊಡನೆ ತಬರ ನೆನಪಾಗುತ್ತಾನೆ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ' 'ಅಬಚೂರಿನ ಪೋಸ್ಟಾಫೀಸು' (1973) ಸಂಕಲನದಲ್ಲಿದೆ. ಗಿರೀಶ ಕಾಸರವಳ್ಳಿಯವರ ಸಿನಿಮಾದಿಂದಾಗಿ ಓದದವರಿಗೂ ತಬರ ಗೊತ್ತು. ಬ್ರಿಟಿಷರ ಕಾಲದಿಂದ ಸರ್ಕಾರಿ ಚಾಕರಿ ಮಾಡಿದ ತಬರ ನಿವೃತ್ತನಾಗುತ್ತಾನೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಅಲೆಯುತ್ತಾನೆ. ಅತ್ತ ಹೆಂಡತಿಯ ಕಾಲಿನ ಕಾಯಿಲೆ ಏರುತ್ತದೆ. ಕಡತದ ವೇಗಕ್ಕೂ ಕಾಯಿಲೆಯ ವೇಗಕ್ಕೂ ನಡುವಿನ ಅಂತರವೇ ಕಥೆ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕನ್ನಡದ ಅತ್ಯಂತ ಸಮಗ್ರವಾದ 'ಆಫ್‌ಬೋರ್ಡಿಂಗ್' ಕಥೆ. ಕೆಲಸ ಮುಗಿದಿದೆ, ಕಚೇರಿ ಬಿಟ್ಟಿಲ್ಲ. ತಬರನನ್ನು ಸಂಸ್ಥೆ ಉಳಿಸಿಕೊಳ್ಳಲು ಬಯಸುತ್ತಿಲ್ಲ, ಆದರೆ ಹೋಗಗೊಡುತ್ತಲೂ ಇಲ್ಲ. ಇಷ್ಟಾದರೂ ತಬರನಿಗೆ ಸರ್ಕಾರದ ಮೇಲೆ, ಸರ್ಕಾರಿ ಕಾಗದದ ಮೇಲೆ ಇರುವ ಭಕ್ತಿ ಬೇಗ ಅಳಿಯುವುದಿಲ್ಲ ಎಂಬುದರಲ್ಲಿ ತೇಜಸ್ವಿಯವರ ಕ್ರೌರ್ಯವೂ ಕರುಣೆಯೂ ಇದೆ.

ತಬರನಿಗೆ ತನ್ನ ಶತ್ರು ಕಾಣಿಸುವುದಿಲ್ಲ. ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪನಿಗೆ ಎಲ್ಲ ಕಡೆಯೂ ಶತ್ರುವೇ ಕಾಣಿಸುತ್ತಾನೆ. ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು ಆಪಾದನೆ ಏನೆಂಬುದೇ ಸ್ಪಷ್ಟವಾಗದೆ ವಿಚಾರಣೆಗೆ ಸಿಕ್ಕಿಕೊಳ್ಳುತ್ತಾನೆ. ಚಿತ್ತಾಲರು ಸ್ವತಃ ಮುಂಬಯಿಯ ಉದ್ದಿಮೆಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದವರು. ಕಂಪನಿಯ ಭಾಷೆ ಹೇಗೆ ನಯವಾಗಿ ಕುತ್ತಿಗೆಗೆ ಬರುತ್ತದೆಂದು ಬಲ್ಲವರು. ನಾಗಪ್ಪನ ಸ್ಥಿತಿಗೆ ಕನ್ನಡದಲ್ಲಿರುವ ಪದ 'ಅಮಾನತು'. ಇದೇ ಪದಕ್ಕೆ ನಮ್ಮ ನಿಘಂಟುಗಳಲ್ಲಿ ಇನ್ನೊಂದು ಅರ್ಥವಿದೆ: ಠೇವಣಿ, ಒಬ್ಬರ ವಶದಲ್ಲಿ ಇಟ್ಟದ್ದು. ಅಮಾನತಾದವನು ಹಾಗೆಯೇ ಠೇವಣಿಯಾಗಿರುತ್ತಾನೆ. ಕೆಲಸವಿಲ್ಲ, ಆದರೆ ನೌಕರ ಹೌದು. ರಾಜೀನಾಮೆ ಕೊಟ್ಟರೆ ತಪ್ಪೊಪ್ಪಿಕೊಂಡಂತೆ, ಕೊಡದಿದ್ದರೆ ಬೇಟೆ ಮುಂದುವರಿದಂತೆ. ಉಳಿಸಿಕೊಳ್ಳುವುದೂ ಕಳಿಸುವುದೂ ಇಲ್ಲಿ ಎರಡು ಕ್ರಿಯೆಗಳಾಗಿ ಉಳಿಯುವುದಿಲ್ಲ. ಒಂದೇ ಕೈಯ ಹಿಡಿತವಾಗುತ್ತವೆ.

ಇನ್ನು ವಿವೇಕ ಶಾನಭಾಗರ 'ಘಾಚರ್ ಘೋಚರ್' (2013). ಈ ಕಿರುಕಾದಂಬರಿಯ ಚರ್ಚೆ ಹೆಚ್ಚಾಗಿ ದಿಢೀರ್ ದುಡ್ಡು ಮತ್ತು ಕುಟುಂಬದ ಹಿಂಸೆಯ ಸುತ್ತ ನಡೆದಿದೆ. ಆ ದುಡ್ಡಿನ ಬೇರು ಎಲ್ಲಿದೆ? ಅಪ್ಪನ ನಿವೃತ್ತಿಯಲ್ಲಿ. ಚಹಾ ಮಾರುವ ಸೇಲ್ಸ್‌ಮನ್ ಆಗಿದ್ದ ಅಪ್ಪನ ಲೆಕ್ಕ ಕೂಡಿಸುವ ಆತಂಕ ಮನೆಮಂದಿಯೆಲ್ಲರ ಆತಂಕವಾಗಿದ್ದ ದಿನಗಳಿದ್ದವು. ಕಂಪನಿ ಅವನನ್ನು ಅವಧಿಗೆ ಮುಂಚೆಯೇ 'ಸ್ವಯಂ ನಿವೃತ್ತಿ'ಗೆ ದೂಡುತ್ತದೆ. ಬಂದ ಹಣ ಚಿಕ್ಕಪ್ಪನ ಮಸಾಲೆ ವ್ಯಾಪಾರದ ಬಂಡವಾಳವಾಗುತ್ತದೆ, ಅಲ್ಲಿಂದ ಸಂಸಾರದ ದೆಸೆ ತಿರುಗುತ್ತದೆ. 'ಸ್ವಯಂ' ಎಂಬ ಎರಡಕ್ಷರ 'ತೆಗೆದರು' ಎಂಬುದನ್ನು 'ಬಿಟ್ಟ' ಎಂದು ತಿದ್ದುತ್ತದೆ. ಇನ್ನೊಂದು ತುದಿಯಲ್ಲಿ ಮಗ ಇದ್ದಾನೆ. ಆ ವ್ಯಾಪಾರದ ಹೆಸರಿಗಷ್ಟೇ ಡೈರೆಕ್ಟರು, ಸಂಬಳ ಬರುತ್ತದೆ, ಕೆಲಸವಿಲ್ಲ, ಕಾಫಿ ಹೌಸಿನಲ್ಲಿ ಕೂತಿರುತ್ತಾನೆ. ಅವನು ಬಿಡುವಂಥದ್ದು ಏನೂ ಇಲ್ಲ, ಹಾಗಾಗಿಯೇ ಬಿಡಲಾರ. ಅಪ್ಪ ಬಿಡಿಸಲ್ಪಟ್ಟ ಹಣ ಮಗನನ್ನು ಹಿಡಿದಿಟ್ಟಿದೆ. ಒಂದು ತಲೆಮಾರಿನ ಆಫ್‌ಬೋರ್ಡಿಂಗ್ ಮುಂದಿನ ತಲೆಮಾರಿನ ರಿಟೆನ್ಷನ್ ಆಗುವುದನ್ನು ಇಷ್ಟು ಕಡಿಮೆ ಪುಟಗಳಲ್ಲಿ ಕಂಡ ಕೃತಿ ನನ್ನ ಓದಿನಲ್ಲಿ ಬೇರೊಂದಿಲ್ಲ.

'ಸ್ವಯಂ' ಮಾಡುವ ಕೆಲಸವನ್ನೇ 'ರಾಜೀನಾಮೆ' ಎಂಬ ಪದವೂ ಮಾಡುತ್ತದೆ. ಇದು ಪಾರ್ಸಿ ಮೂಲದ್ದು. ರಾಜಿ ಎಂದರೆ ಒಪ್ಪಿಗೆ, ನಾಮೆ ಎಂದರೆ ಪತ್ರ. ಮುಂಬಯಿ ಪ್ರಾಂತ್ಯದ ಕಂದಾಯ ವ್ಯವಸ್ಥೆಯಲ್ಲಿ ಹಿಡುವಳಿದಾರ ತನ್ನ ಜಮೀನನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಡುವ ಕಾಗದಕ್ಕೂ ರಾಜೀನಾಮೆ ಎಂದೇ ಹೆಸರಿತ್ತು. ಅಂದರೆ ಬಿಡುವುದರ ಜೊತೆಗೆ 'ಒಪ್ಪಿ ಬಿಟ್ಟಿದ್ದೇನೆ' ಎಂಬ ಘೋಷಣೆ ಪದದೊಳಗೇ ಇದೆ. ಸಂಶೋಧನೆಗೆ ಸೇರುವ ಮೊದಲು ಎರಡು ವರ್ಷ ನಾನು ಒಂದು ಕಂಪನಿಯ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೆ. ಹೊರಡುವವರಿಂದ ಒಂದು ನಮೂನೆ ತುಂಬಿಸುವುದು ನನ್ನ ಕೆಲಸಗಳಲ್ಲೊಂದು. 'ಬಿಡಲು ಕಾರಣ' ಎಂಬಲ್ಲಿ ಆರಿಸಿಕೊಳ್ಳಲು ಪಟ್ಟಿಯಿತ್ತು: ಉತ್ತಮ ಅವಕಾಶ, ಉನ್ನತ ವ್ಯಾಸಂಗ, ಮದುವೆ, ಆರೋಗ್ಯ, ವೈಯಕ್ತಿಕ. 'ನೀವೇ ಹೇಳಿದಿರಿ' ಎಂಬುದು ಪಟ್ಟಿಯಲ್ಲಿರಲಿಲ್ಲ. ಮೇಲಿನವರು ಕರೆದು ರಾಜೀನಾಮೆ ಕೇಳಿದ್ದವರೂ 'ವೈಯಕ್ತಿಕ'ವನ್ನೇ ಒತ್ತುತ್ತಿದ್ದರು. ಏಕೆಂದರೆ ಮುಂದಿನ ಕೆಲಸಕ್ಕೆ ರಿಲೀವಿಂಗ್ ಲೆಟರ್ ಬೇಕು, ಆ ಪತ್ರ ಕೊಡುವವರು ಇವರೇ. ನೌಕರರು ಬಿಡುವುದೇಕೆ ಎಂದು ಕೇಳುವ ಅಧ್ಯಯನಗಳು ಇಂಥ ನಮೂನೆಗಳನ್ನು ಮಾಹಿತಿಯೆಂದು ಬಳಸಿಕೊಂಡರೆ, ಅಲ್ಲಿ ಸಿಗುವುದು ಕಾರಣವಲ್ಲ, ರಾಜಿ.

ಹಾಗಾದರೆ ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲೇನು ಕೆಲಸ, ಇದು ಸಮಾಜಶಾಸ್ತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ಕಥೆ ಎಂಬುದು ಅಂಕಿಅಂಶವಲ್ಲ, ನಿಜ. ಆದರೆ ನಮೂನೆಯಲ್ಲಿ ಒಂದು ಕಾರಣ ಆರಿಸಿದರೆ ವಿಷಯ ಮುಗಿಯುತ್ತದೆ. ಕಥೆಯಲ್ಲಿ ಆ ಕ್ಷಣಕ್ಕೆ ಎಷ್ಟು ಪುಟ ಕೊಡಬೇಕೆಂಬುದೇ ಒಂದು ತೀರ್ಮಾನ. 'ಶಿಕಾರಿ' ಬಿಟ್ಟದ್ದಕ್ಕೂ ಬಿಡದಿರುವುದಕ್ಕೂ ನಡುವಿನ ಕೆಲವೇ ದಿನಗಳನ್ನು ದೊಡ್ಡ ಕಾದಂಬರಿಯಾಗಿ ಹಿಗ್ಗಿಸುತ್ತದೆ. 'ತಬರನ ಕಥೆ'ಗೆ ನಿವೃತ್ತಿಯ ಆಚೆಗೇ ಜೀವ ಬರುತ್ತದೆ. 'ಘಾಚರ್ ಘೋಚರ್' ಅಪ್ಪನ ನಿವೃತ್ತಿಯನ್ನು ಎಂದೋ ಆಗಿಹೋದ ಸಂಗತಿಯಾಗಿ ಮಗನ ಬಾಯಲ್ಲಿ ಹೇಳಿಸುತ್ತದೆ. ಅಪ್ಪನ ಮಾತಿನಲ್ಲಿ ಅದು ನಮಗೆ ಸಿಗುವುದೇ ಇಲ್ಲ. ಈ ಹಿಗ್ಗು ಕುಗ್ಗುಗಳಲ್ಲಿ, ಯಾರ ಬಾಯಿಂದ ಯಾವ ಕ್ರಿಯಾಪದ ಬರುತ್ತದೆ ಎಂಬುದರಲ್ಲಿ ಕೃತಿಯ ನಿಲುವು ಇರುತ್ತದೆ. ಅದನ್ನು ಓದುವುದು ವಿಮರ್ಶೆಯ ಕೆಲಸವೇ.

ಮೇಲಿನ ನಾಲ್ಕರಲ್ಲಿ ಬೆಳ್ಳಿಯನ್ನು ಬಿಟ್ಟರೆ ದುಡಿಯುವ ಹೆಣ್ಣಿನ ನಿರ್ಗಮನ ನಮಗೆ ಸಿಗುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದು ನಿಂತರು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ಎರಡು ದಿನದೊಳಗೆ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಮಗಳ ಫೀಸಿಗೋ ಮನೆಯ ಸಾಲಕ್ಕೋ ತನ್ನದೇ ಹಣ ಕೈಗೆ ಬರಬೇಕಾದರೆ ಕೆಲಸ ಬಿಡುವುದೇ ದಾರಿಯಾದವರು ಅವರಲ್ಲಿದ್ದರು. ಬಿಡುವುದು ಇಲ್ಲಿ ಅತೃಪ್ತಿಯ ಲಕ್ಷಣವಲ್ಲ, ಉಳಿತಾಯದ ವಿಧಾನ. ಮಾರ್ಚ್-ಸೈಮನ್ ಚೌಕಟ್ಟಿನ ಬಯಕೆಯಲ್ಲೂ ಇದು ಕೂರುವುದಿಲ್ಲ. ಈ ಎರಡು ದಿನಗಳನ್ನು ನಡುವಿಗಿಟ್ಟುಕೊಂಡ ಕನ್ನಡ ಕಾದಂಬರಿಯನ್ನು ನಾನಿನ್ನೂ ಓದಿಲ್ಲ. ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ಪ್ರಬಂಧಕ್ಕಿಂತ ಮೊದಲು ಅದನ್ನು ಓದುತ್ತೇನೆ.

ಇನ್ನೊಂದು ಗುಂಪಿದೆ. ಕನ್ನಡ ಎಂ.ಎ., ಪಿಎಚ್.ಡಿ. ಮಾಡಿದ ನನ್ನಂಥ ಅನೇಕರು ಮುಂದೆ ಸೇರುವುದು ಆ ಗುಂಪಿಗೇ: ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು. ಶೈಕ್ಷಣಿಕ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ, ವರ್ಷ ಮುಗಿದರೆ ನಂಟು ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಅರ್ಜಿ. ಹತ್ತು ಹದಿನೈದು ವರ್ಷ ಹೀಗೆ ಕಲಿಸಿದವರಿದ್ದಾರೆ. ಖಾಯಂ ಮಾಡಿ ಎಂದು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ. ಮನೆಗೆ ಬಂದವರು ಹೊರಟರೆ ಬಾಗಿಲತನಕ ಕಳಿಸಿಕೊಡುವುದು ನಮ್ಮ ರೂಢಿ. ಈ ಅತಿಥಿಗಳಿಗೆ ಬೀಳ್ಕೊಡುಗೆಯ ಹಾರವೂ ಇಲ್ಲ. ಇವರು ಬಿಟ್ಟವರಲ್ಲ, ಇವರನ್ನು ತೆಗೆದದ್ದೂ ಅಲ್ಲ, ಕೆಲಸ ಹೋಯಿತೆನ್ನೋಣವೆಂದರೆ ಅದು ಇವರದಾಗಿದ್ದಾದರೂ ಯಾವಾಗ? ಇವರಿಗಾಗಿ ನಾಲ್ಕನೆಯ ಕ್ರಿಯಾಪದವೊಂದು ಹುಟ್ಟಿದೆ: 'ಮುಂದುವರಿಸಲಿಲ್ಲ'. ನಡೆದದ್ದನ್ನು ಹೇಳದೆ, ನಡೆಯದೇ ಇದ್ದದ್ದನ್ನು ಹೇಳಿ ಮುಗಿಸುವ ವಾಕ್ಯ. ಅದರ ಕರ್ತೃ ಯಾರೆಂದು ಕೇಳಿದರೆ ಪ್ರಾಂಶುಪಾಲರು ಇಲಾಖೆಯತ್ತ ಬೆರಳು ತೋರುತ್ತಾರೆ, ಇಲಾಖೆ ಕಾರ್ಯಭಾರದತ್ತ.

ಆದ್ದರಿಂದ ನನ್ನ ಪ್ರಶ್ನೆಯನ್ನು ಈಗ ಹೀಗೆ ಬರೆದುಕೊಂಡಿದ್ದೇನೆ: ಕನ್ನಡ ಕಥನದಲ್ಲಿ ದುಡಿಯುವವರು ಕೆಲಸದಿಂದ ಬೇರೆಯಾಗುವ ಕ್ಷಣಕ್ಕೆ ಕರ್ತೃ ಯಾರು, ಮತ್ತು ಆ ಕರ್ತೃಸ್ಥಾನವನ್ನು ಯಾವ ಋಣ, ಯಾವ ಕಾಗದ, ಯಾವ ಜಾತಿ-ಲಿಂಗ ಸಂಬಂಧ ತೀರ್ಮಾನಿಸುತ್ತದೆ? 'ಏಕೆ ಬಿಟ್ಟರು' ಎಂಬುದು ಇದರೊಳಗೆ ಬರುತ್ತದೆ, ಆದರೆ ಯಜಮಾನನಾಗಿ ಅಲ್ಲ. ಬಯಕೆ, ಸುಲಭತೆ ಎಂಬ ಎರಡರ ಪಕ್ಕದಲ್ಲಿ ನಮ್ಮ ಕಥೆಗಳು ಮೂರನೆಯದೊಂದನ್ನು ಇಡುತ್ತವೆ: ಅಪ್ಪಣೆ. ಹಿಡಿದಿಟ್ಟುಕೊಳ್ಳುವ ಕೈಗೂ ಕಳಿಸುವ ಕೈಗೂ ಇರುವ ಸಂಬಂಧ ಕಾಣಬೇಕಾದರೆ ಅಪ್ಪಣೆ ಯಾರದು ಎಂದು ಕೇಳಲೇಬೇಕು.

ಈ ಪ್ರಶ್ನೆ ಹಿಡಿದು ಹೊಸ ಕಥೆಗಾರರನ್ನು ಓದುವವರಿಗೆ ಒಂದು ಸಣ್ಣ ಅಭ್ಯಾಸವನ್ನು ಸೂಚಿಸುತ್ತೇನೆ. ಯಾವುದೇ ಕಥೆಯಲ್ಲಿ ಯಾರದಾದರೂ ಕೆಲಸ ಮುಗಿದಾಗ ಆ ವಾಕ್ಯದ ಕೆಳಗೆ ಗೆರೆ ಎಳೆಯಿರಿ. ಬಿಟ್ಟ ಎಂದಿದೆಯೇ, ತೆಗೆದರು ಎಂದಿದೆಯೇ, ಹೋಯಿತು ಎಂದಿದೆಯೇ, ಮುಂದುವರಿಸಲಿಲ್ಲ ಎಂದಿದೆಯೇ ನೋಡಿ. ಆಮೇಲೆ ಆ ವಾಕ್ಯವನ್ನು ಹೇಳುತ್ತಿರುವವರು ಯಾರೆಂದು ನೋಡಿ. ಕೆಲಸ ಕಳೆದುಕೊಂಡವರೇ 'ಹೋಯಿತು' ಎನ್ನುತ್ತಿದ್ದರೆ, ಕಥೆಗಾರರು ಅಲ್ಲಿಗೆ ನಿಂತರೋ ಇನ್ನೊಂದು ಹೆಜ್ಜೆ ಮುಂದೆ ಹೋದರೋ ಎಂಬುದು ಆ ಕಥೆಯ ಬೆಲೆಯನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.